ಆರು ಗಂಟೆಗೆ ಹಾಕಬೇಕಾದ ಬಾಗಿಲು

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಈಗ ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲುಗಳು ತುಂಬ ಕಡಿದಾಗಿವೆ, ಇಳಿಯುವಾಗ ಪಕ್ಕದ ಕಂಬಿ ಬಿಡಬೇಡಿ. ನಿಮ್ಮ ಮುಲಾಮಿನ ಡಬ್ಬಿ ಇಲ್ಲೇ ಉಳಿದುಬಿಟ್ಟಿತ್ತು, ಇದರ ಜೊತೆಗೇ ಕಳಿಸುತ್ತಿದ್ದೇನೆ. ನಾನು ಫೋನು ಮಾಡಿದಾಗಲೆಲ್ಲ ನಾದಿನಿ "ಅಮ್ಮ ಮಲಗಿದಾರೆ ಅತ್ತಿಗೆ" ಅನ್ನುತ್ತಾಳೆ. ಈ ಮನೆಯಲ್ಲಿದ್ದಾಗ ಮಧ್ಯಾಹ್ನ ಕಣ್ಣು ಮುಚ್ಚಿದವರಲ್ಲ ನೀವು. ಇರಲಿ, ಅದಕ್ಕೇ ಬರೆಯಲು ಕೂತೆ. ಇವತ್ತು ನನಗೆ ವಾರದ ರಜೆ. ನಾನು ಆರೋಗ್ಯವಾಗಿದ್ದೇನೆ. ಊಟ ಮಾಡುತ್ತೇನೆ, ನಿದ್ದೆಯೂ ಬರುತ್ತದೆ.

ವಿಷಯ ಹೆಬ್ಬಾತುಗಳದ್ದು. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವುದು ಬೇಡ. ಕಳೆದ ಶುಕ್ರವಾರ ಸಂಜೆ ನರಿ ಬಂದಿತ್ತು. ಹನ್ನೊಂದರಲ್ಲಿ ಎಂಟು ಹೋದವು.

ನಿಮ್ಮ ಮಗ ವರ್ಕ್‌ಶಾಪಿನಿಂದ ಬಂದವರೇ ಗ್ರೀಸಿನ ಬಟ್ಟೆಯಲ್ಲೇ ಹಿತ್ತಿಲಿಗೆ ಹೋಗಿ, ಅವುಗಳನ್ನು ಗೂಡಿನೊಳಗೆ ಅಟ್ಟಿ, ತಲೆ ಎಣಿಸಿ, ಆರು ಗಂಟೆಗೆ ಬಾಗಿಲು ಹಾಕಿ ಬರುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಅವರು ತೀರಿಹೋಗಿ ಮೊನ್ನೆಗೆ ಮೂರು ತಿಂಗಳಾಯಿತು. ಅಂದಿನಿಂದ ಆ ಕೆಲಸ ನನ್ನದು, ಒಂದು ದಿನವೂ ತಪ್ಪಿಸಿರಲಿಲ್ಲ. ಶುಕ್ರವಾರ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಉರುಳೆಗೆ ಆಸ್ಪತ್ರೆಯ ಹಾಸಿಗೆಬಟ್ಟೆ ಸುತ್ತಿಕೊಂಡಿತು. ಉರುಳೆ ತಣ್ಣಗಾಗುವವರೆಗೆ ಕಾದು, ಬಟ್ಟೆಯನ್ನು ಬ್ಲೇಡಿನಿಂದ ಕೊಯ್ದು ತೆಗೆಯಬೇಕಾಯಿತು. ಬಿಟ್ಟು ಬರುತ್ತೇನೆ ಅಂದಿದ್ದರೆ ಮೇಲ್ವಿಚಾರಕಿ ಬೇಡ ಅನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ. ಗೂಡಿನ ನೆನಪು ಬಂದಿತ್ತು, ಆದರೂ ಕೇಳಲಿಲ್ಲ. ಯಾಕೆ ಅಂತ ನನಗೇ ತಿಳಿಯುತ್ತಿಲ್ಲ.

ಮನೆ ಮುಟ್ಟಿದಾಗ ಏಳಕ್ಕೆ ಹತ್ತು ನಿಮಿಷ. ಬೀದಿಯ ತಿರುವಿಗೆ ಬಂದರೆ ಸಾಕು, ಅವುಗಳ ಗಲಾಟೆ ಕೇಳಬೇಕು. ಅವತ್ತು ಸದ್ದಿರಲಿಲ್ಲ. ಹಿತ್ತಿಲಿನಲ್ಲಿ ದಿಂಬು ಹರಿದ ಹಾಗೆ ಪುಕ್ಕ ಬಿದ್ದಿತ್ತು. ಅಟ್ಟುವವರಿಲ್ಲದಿದ್ದರೂ ಹೊತ್ತಿಳಿದಾಗ ಅವು ತಾವಾಗಿಯೇ ಗೂಡು ಸೇರಿದ್ದವು, ತೆರೆದ ಬಾಗಿಲಿನಿಂದ ನರಿಯೂ ಒಳಗೆ ಹೋಗಿತ್ತು. ನರಿ ಹಸಿವಿಗೆ ಒಂದನ್ನು ಹೊತ್ತುಕೊಂಡು ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಇಕ್ಕಟ್ಟಿನ ಜಾಗದಲ್ಲಿ ಎದುರಿಗೆ ರೆಕ್ಕೆ ಬಡಿಯುತ್ತಿರುವವರೆಗೂ ಅದು ಕಚ್ಚುತ್ತಲೇ ಇರುತ್ತದೆ ಎಂದು ಪಶುವೈದ್ಯರು ಹೇಳಿದರು. ಒಂದನ್ನು ಒಯ್ದಿತ್ತು. ಏಳು ಗೂಡಿನೊಳಗಿನ ಹುಲ್ಲಿನ ಮೇಲೆ ಬಿದ್ದಿದ್ದವು, ಎಲ್ಲಕ್ಕೂ ಕುತ್ತಿಗೆಯ ಹತ್ತಿರವೇ ಗಾಯ. ಪೇಪರಿನವರನ್ನು ಗೇಟಿನಿಂದಾಚೆ ಅಟ್ಟುತ್ತಿದ್ದ ನಮ್ಮ ದೊಡ್ಡ ಗಂಡು, ದೊಣ್ಣೆನಾಯಕ, ಬದುಕಿದೆ. ಎಡ ರೆಕ್ಕೆ ಹರಿದು ಜೋತಾಡುತ್ತಿತ್ತು, ಎಂಟು ಹೊಲಿಗೆ ಬಿತ್ತು. ಸೌದೆ ರಾಶಿಯ ಹಿಂದೆ ಅಡಗಿದ್ದ ಎರಡು ಹೆಣ್ಣು ಉಳಿದವು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬಡಗಿ ಬಂದು ಗುಂಡಿ ತೋಡಿಕೊಟ್ಟರು. ಉಳಿದ ಹೆಣ್ಣುಗಳಲ್ಲಿ ಒಂದರ ಜೋಡಿ ಆ ಏಳರಲ್ಲಿತ್ತು. ನಾವು ಮಣ್ಣು ಎಳೆಯುತ್ತಿದ್ದರೆ ಅದು ಪಕ್ಕದಲ್ಲೇ ಮಾಮೂಲಿನಂತೆ ಹುಲ್ಲು ಕೀಳುತ್ತಿತ್ತು. "ಇದಕ್ಕೇನೂ ಅನ್ನಿಸೇ ಇಲ್ಲ ನೋಡಿ" ಅಂದರು ಬಡಗಿಯ ಹೆಂಡತಿ. ನಾನು ಕೈ ತೊಳೆದು ಕೆಲಸಕ್ಕೆ ಹೋದೆ, ದಿಂಬಿನ ಚೀಲಗಳನ್ನು ಮಡಿಸಿದೆ. ಮೇಲ್ವಿಚಾರಕಿ "ಮನೇಲೆಲ್ಲ ಸರಿ ಇದ್ಯಾ?" ಅಂತ ಕೇಳಿದರು. ಸರಿ ಇದೆ ಅಂದೆ.

ಭಾನುವಾರ ಬಡಗಿ ಮತ್ತೆ ಬಂದರು. "ಮಾಂಸದ ತುಂಡಿಗೆ ವಿಷ ಹಾಕಿಡೋಣ ಅಕ್ಕ. ರುಚಿ ಕಂಡಿದೆ, ಬರದೇ ಇರಲ್ಲ" ಅಂದರು. ನಾನು ಹೂಂ ಅಂದುಬಿಟ್ಟಿದ್ದೆ. ಅದೇ ಸಂಜೆ, ಇನ್ನೂ ಬಿಸಿಲಿರುವಾಗಲೇ, ನರಿ ಮೋರಿಯ ಹತ್ತಿರ ಬಂದು ನಿಂತಿತು. ಹೆಣ್ಣು ನರಿ, ಪಕ್ಕೆಲುಬು ಎಣಿಸಬಹುದಿತ್ತು, ಮೊಲೆಗಳು ಜೋತಿದ್ದವು. ಎಲ್ಲೋ ಮರಿಗಳಿರಬೇಕು. ನನ್ನ ಕೈಯಲ್ಲಿ ಗುದ್ದಲಿ ಇತ್ತು, ನಡುವೆ ಇದ್ದದ್ದು ಹತ್ತು ಹೆಜ್ಜೆ. ಕೋಪ ಬರಲಿ ಅಂತ ಕಾದೆ. ಬರಲಿಲ್ಲ, ಕನಿಕರವೂ ಬರಲಿಲ್ಲ. ಅದು ನನ್ನನ್ನು ನೋಡಿತು, ಗೂಡನ್ನು ನೋಡಿತು, ಅವಸರವೇ ಇಲ್ಲದೆ ಮೋರಿಗೆ ಇಳಿದು ಹೋಯಿತು. ಬಾಗಿಲು ತೆರೆದಿಟ್ಟವಳು ನಾನು, ಅದಕ್ಕೆ ವಿಷ ಯಾಕೆ ಅನ್ನಿಸಿತು. ಬಡಗಿಗೆ ಬೇಡ ಅಂತ ಹೇಳಿ ಬಂದೆ.

ಅದರ ಬದಲು ಗೂಡಿನ ಸುತ್ತ ತಂತಿಬಲೆ ಹೂತಿದ್ದೇವೆ. ನರಿ ಕೆಳಗಿನಿಂದ ತೋಡಿಕೊಂಡು ಬರುತ್ತದಂತೆ. ಅದಕ್ಕೆ ಬಲೆಯನ್ನು ಒಂದಡಿ ಆಳಕ್ಕೆ ಇಳಿಸಿ ಹೊರಮುಖವಾಗಿ ಬಗ್ಗಿಸಿ ಮಣ್ಣು ಮುಚ್ಚಬೇಕು. ಕೆಲಸ ಮುಗಿಸಿ ಬಂದು ಮೂರು ಸಂಜೆ ಅಗೆದೆ. ಅಂಗೈ ತುಂಬ ಬೊಕ್ಕೆ. ಚಿಲಕವನ್ನೂ ಬಡಗಿ ಹೊಸದು ಹಾಕಿದ್ದಾರೆ.

ಅತ್ತೆ, ಹೊರಟ ದಿನ ನೀವು ಬಾಗಿಲಲ್ಲಿ ನಿಂತು "ನಿಂಗೆ ಕರುಳೇ ಇಲ್ಲ ಕಣೇ, ನನ್ನ ಮಗನಿಗೆ ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ" ಅಂದಿರಿ. ಹತ್ತು ಜನರೆದುರು ಅತ್ತ ಹಾಗೆ ಮಾಡಬಹುದಿತ್ತು, ನಿಮ್ಮ ಮುಂದೆ ಆ ನಾಟಕ ಬೇಡ ಅನ್ನಿಸಿತು. ಮಂಗಳವಾರ ಸಂಜೆ ಮೂರನ್ನೂ ಒಳಗೆ ಬಿಟ್ಟು ಎಣಿಸಿದೆ. ಒಂದು, ಎರಡು, ಮೂರು. ಆಮೇಲೆ ನಾಲ್ಕು ಅನ್ನಲು ಕಾಯುತ್ತಾ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೇಲಿಯಾಚೆಯಿಂದ ಬಡಗಿಯ ಹೆಂಡತಿ ಕೂಗಿದಾಗ ಕತ್ತಲಾಗಿತ್ತು. ಇಷ್ಟೇ ನಡೆದದ್ದು. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ಮಾತ್ರೆ ನುಂಗಲು ಮರೆಯಬೇಡಿ, ಬರಿಹೊಟ್ಟೆಯಲ್ಲಿ ಬೇಡ. ನಿಮ್ಮ ಕಾಲಿಗೆ ನನ್ನ ನಮಸ್ಕಾರ.

ನಿಮ್ಮ
ಸೊಸೆ

ತಾ.ಕ.: ಸ್ಪೀಡ್ ಪೋಸ್ಟಿನ ಕೌಂಟರು ಮುಚ್ಚುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಸೋಮವಾರದಿಂದ ನನಗೆ ಮಧ್ಯಾಹ್ನದ ಪಾಳಿ, ಮನೆ ಸೇರುವುದು ಒಂಬತ್ತಕ್ಕೆ. ಆರಕ್ಕೆ ಬಾಗಿಲು ಹಾಕಲು ಮನೆಯಲ್ಲಿ ಜನ ಬೇಕು. ಬಡಗಿಯ ಹೆಂಡತಿ ನಾನೇ ಹಾಕುತ್ತೇನೆ ಅಂದರು. ಬೇಡ, ನಮ್ಮತ್ತೆ ಬರ್ತಾರೆ ಅಂದೆ. ಬಾಯಿತಪ್ಪಿ ಬಂದ ಮಾತಲ್ಲ. ಭಾನುವಾರ ರಜೆ ಹಾಕಿದ್ದೇನೆ, ಹತ್ತರ ಬಸ್ಸಿಗೆ ನಿಲ್ದಾಣದಲ್ಲಿರುತ್ತೇನೆ. ಅದರಲ್ಲಿ ನೀವು ಇಳಿಯದಿದ್ದರೆ ಎರಡು ಗಂಟೆಯದಕ್ಕೂ ಕಾಯುತ್ತೇನೆ.