ಆರನೆಯ ಬಿಟ್

ಮಾರ್ಚ್ 3, ಸೋಮವಾರ

ಮತ್ತೆ ಅದೇ ಬೈಟ್. ಲಿಫ್ಟಿನಲ್ಲಿ ಕೂರಿಸಿದ ಕಂಟ್ರೋಲರ್ ಪೆಟ್ಟಿಗೆ ಕಂಟ್ರೋಲ್ ರೂಮಿಗೆ ಕಳಿಸುವ ಪ್ರತಿ ಸಂದೇಶದ ಮೊದಲಿಗೆ ಎಂಟು ಬಿಟ್, ಎಂಟು ಫ್ಲ್ಯಾಗ್; ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಬಾಗಿಲು ಮುಚ್ಚಿದೆಯೇ, ಓಡುತ್ತಿದೆಯೇ, ಭಾರ ಹೆಚ್ಚಾಯಿತೇ... ಐದಕ್ಕೆ ಹೆಸರಿದೆ. ಮಿಕ್ಕ ಮೂರು "ಮುಂದಿನ ಬಳಕೆಗೆ". ಈ ಸಂದೇಶ ಓದಿ ಮುಂದೆ ದಾಟಿಸುವ ನನ್ನ ಕೋಡ್ ಲೈಬ್ರರಿಯಲ್ಲಿ ಐದಕ್ಕೂ ಚೆಂದದ ಹೆಸರಿಟ್ಟೆ. ಮಿಕ್ಕ ಮೂರನ್ನು ಓದುವಾಗಲೇ ಸೊನ್ನೆ ಮಾಡಿಬಿಟ್ಟೆ. ಒಂದೇ ಸಾಲು. ಎಷ್ಟು ಕ್ಲೀನ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಊಟದ ಹೊತ್ತಿಗೆ ಅತ್ತಿಗೆ ಡಬ್ಬಿ ಹಿಡಿದು ಬಂದರು. ಅಣ್ಣನ ಹೆಂಡತಿ. ಹದಿನಾರು ವರ್ಷ ಮನೆಯಲ್ಲಿದ್ದವರನ್ನು ನಮ್ಮ ಆಫೀಸಿನ ಟೆಸ್ಟಿಂಗ್‌ಗೆ ಸೇರಿಸಿದ್ದು ನಾನೇ — ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತೇನೆ.

"ಅಲ್ಲ ಕಣೇ, ಆ ಹೆಸರಿಲ್ಲದ ಮೂರು ಬಿಟ್ ಎಲ್ಲಿಗೆ ಹೋಗುತ್ತೆ? ಒಂದು ಹಾಕಿ ಕಳಿಸಿದೆ, ಆ ಕಡೆ ಸೊನ್ನೆ ಬಂತು."

"ಅದು ಹಾಗೇ ಬರಬೇಕು ಅತ್ತಿಗೆ."

"ನಮಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ಎಸೆಯೋದಾ? ಇದ್ದ ಹಾಗೇ ದಾಟಿಸಿದ್ರೆ ಆಗಲ್ವಾ?"

ಸರಿಯಾಗಿಯೇ ಕೇಳಿದ್ದರು. ಆದರೆ ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಮೈ ಉರಿಯಿತು.

"ಸೇರಿ ಎರಡು ತಿಂಗಳಾಗಿಲ್ಲ, ಅಜ್ಜಿಗೆ ಕೆಮ್ಮು ಕಲಿಸೋಕೆ ಬರಬೇಡಿ. ಬಗ್ ಅಂತ ತಪ್ಪುಗಳ ಪಟ್ಟಿಗೆ ಎಂಟ್ರಿ ಗಿಂಟ್ರಿ ಮಾಡೀರಾ ಮತ್ತೆ, ಸುಮ್ಮನೆ ನನ್ನ ಹೆಸರು ಕೆಡುತ್ತೆ."

"ಸರಿ ಬಿಡು." ಅರ್ಧ ಊಟಕ್ಕೇ ಡಬ್ಬಿ ಮುಚ್ಚಿಕೊಂಡು ಎದ್ದುಹೋದರು.

ಮಾರ್ಚ್ 4

ಬಿಲ್ಡ್ ಗಿರಾಕಿಗೆ ಹೋಯಿತು. ಮ್ಯಾನೇಜರ್ ಎಲ್ಲರೆದುರು ಮೆಚ್ಚಿದರು. ಅತ್ತಿಗೆಯೂ ಚಪ್ಪಾಳೆ ತಟ್ಟಿದರು.

ಜೂನ್ 17, ಮಂಗಳವಾರ

ಮೂರು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಶನಿವಾರ ಒಬ್ಬ ರಿಟೈರ್ಡ್ ಟೀಚರ್ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಐದು ಗಂಟೆ ಕಾಲ. ಸಹಾಯದ ಗುಂಡಿ ಒತ್ತುತ್ತಲೇ ಇದ್ದರಂತೆ. ಹೊಸ ಪೆಟ್ಟಿಗೆಗಳು ಆ ಗುಂಡಿಯ ಸುದ್ದಿಯನ್ನು ಹೆಸರಿಲ್ಲದ ಮೂರರಲ್ಲಿ ಮೊದಲನೆಯದಾದ ಆರನೆಯ ಬಿಟ್‌ನಲ್ಲಿ ಕಳಿಸುತ್ತವೆ. ಕಂಟ್ರೋಲ್ ರೂಮಿನವರು ಅದನ್ನು ನೋಡಲು ತಯಾರಿದ್ದರು. ನಡುವೆ ನನ್ನ ಲೈಬ್ರರಿ, ನನ್ನ ಆ ಒಂದು ಸಾಲು. ಅವರ ಪರದೆಯಲ್ಲಿ ಕಂಡದ್ದು: ಬಾಗಿಲು ಮುಚ್ಚಿದೆ, ನಿಂತಿದೆ. ಖಾಲಿ ಲಿಫ್ಟೂ ಹಾಗೇ ಕಾಣುತ್ತದೆ.

ಮೆಕ್ಯಾನಿಕ್ ಕೊಟ್ಟ ವರದಿ ಓದಿದೆ. ಬಾಗಿಲು ತೆಗೆದಾಗ ಆಕೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಬಟ್ಟೆ ಒದ್ದೆಯಾಗಿತ್ತು. "ನನ್ನ ನೋಡಬೇಡಪ್ಪ" ಅಂದರಂತೆ. ಆಮೇಲೆ — "ಅಷ್ಟು ಸಲ ಒತ್ತಿದ್ನಲ್ಲ, ಅದೆಲ್ಲ ಎಲ್ಲಿಗೆ ಹೋಯ್ತು?"

ಅತ್ತಿಗೆಯೂ ಅದನ್ನೇ ಕೇಳಿದ್ದರು. ಊಟದ ಟೇಬಲಿನಲ್ಲಿ.

ಜೂನ್ 18

ಮೀಟಿಂಗ್. ಮ್ಯಾನೇಜರ್ ಶುರು ಮಾಡಿದರು. "ಗೊತ್ತಿಲ್ಲದ ಬಿಟ್‌ಗಳನ್ನ ಇದ್ದ ಹಾಗೇ ದಾಟಿಸಿ ಅಂತ ನಿಯಮಗಳ ಸ್ಪೆಕ್‌ನಲ್ಲೇ ಇದೆ. ಕೋಡ್ ಬರೆಯೋರು ತಪ್ಪು ಮಾಡ್ತಾರೆ, ಅದನ್ನ ಹಿಡಿಯೋಕೇ ಅಲ್ವಾ ಟೆಸ್ಟಿಂಗ್ ಇರೋದು? ಯಾರು ಟೆಸ್ಟ್ ಮಾಡಿದ್ದು?"

"ನಾನೇ ಸರ್," ಅಂದರು ಅತ್ತಿಗೆ.

"ಈ ಕೇಸ್ ನೋಡಿರಲಿಲ್ವಾ?"

ಅತ್ತಿಗೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿದ್ದೆ. ಏನು ನೋಟ್ಸೋ, ಮಣ್ಣಂಗಟ್ಟಿ. ಪುಟದ ತುಂಬ ಚೌಕಗಳಿವೆ.

"ಎಂಟ್ರಿ ಇಲ್ಲ ಸರ್," ಅಂದರು.

ಶುಕ್ರವಾರ ಅತ್ತಿಗೆಯ ಕೆಲಸದ ತೀರ್ಮಾನವಂತೆ. ಪ್ರೊಬೇಷನ್ ಇನ್ನೂ ಮುಗಿದಿಲ್ಲ, ತೆಗೆಯುವುದು ಸುಲಭ. ನನಗೆ ಬಾಯಿ ಇತ್ತು. ಅವತ್ತು ಗದರುವುದಕ್ಕೆ ಎಷ್ಟು ಚೆನ್ನಾಗಿ ಇತ್ತು. ಥೂ, ನಾಚಿಕೆಗೆಟ್ಟವಳು ನಾನು.

ಜೂನ್ 19, ಗುರುವಾರ

ಕೋಡ್ ಸರಿ ಮಾಡಿದೆ. ಹನ್ನೊಂದು ನಿಮಿಷ ಹಿಡಿಯಿತು.

ಸಂಜೆ ಅಣ್ಣನ ಮನೆಗೆ ಹೋದೆ. ಅಣ್ಣ ಇಸ್ತ್ರಿ ಹಾಕುತ್ತಿದ್ದ. "ಏನಮ್ಮಾ, ನನ್ನ ಹೆಂಡ್ತಿಗೆ ಕೆಲಸ ಕೊಡಿಸಿದ್ದೂ ನೀನೇ, ಬಿಡಿಸೋದೂ ನೀನೇನಾ?" ತಮಾಷೆಗೆ ಅಂದ. ನಾನು ಮಾಡಿದ್ದು ಅವನಿಗೆ ಗೊತ್ತಿಲ್ಲ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅತ್ತಿಗೆ ಅಡುಗೆಮನೆಗೆ ಕರೆದು ತಮ್ಮ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟರು. ದುಂಡಗಿನ ಅಕ್ಷರ. "ಮಾರ್ಚ್ 3. ಹೆಸರಿಲ್ಲದ ಬಿಟ್‌ಗಳು ಸೊನ್ನೆಯಾಗುತ್ತಿವೆ. ಎಂಟ್ರಿ ಬೇಡ ಎಂದಳು."

"ನಿನ್ನೆ ಯಾಕೆ ಇದನ್ನ ತೋರಿಸಲಿಲ್ಲ?"

"ಮೂಗು ಹಿಡಿದು ಬಾಯಿ ಬಿಡಿಸೋಕೆ ನನಗೆ ಬರಲ್ಲ ಕಣೇ. ಬಿಟ್ಟರೆ ನೀನೇ ಬಿಡಬೇಕು." ಒಲೆ ಆರಿಸಿದರು. "ಕೆಲಸ ಹೋದ್ರೆ ಹೋಗ್ಲಿ. ಆ ಟೀಚರ್ ವಿಷಯ ಮಾತ್ರ ನುಂಗೋಕಾಗ್ತಿಲ್ಲ. ನೀನು ಬೇಡ ಅಂದ್ರೂ ನಾನು ಎಂಟ್ರಿ ಮಾಡಬೇಕಿತ್ತು."

ನನ್ನ ತಪ್ಪಿನಲ್ಲೂ ಪಾಲು ತೆಗೆದುಕೊಂಡು ನಿಂತಿದ್ದಾರೆ. ಕ್ಷಮಿಸಿ ಅನ್ನಲೂ ನನಗೆ ಬಾಯಿ ಬರಲಿಲ್ಲ. ಕಾಫಿ ಕುಡಿದು ಬಂದೆ.

ಜೂನ್ 20, ಬೆಳಿಗ್ಗೆ 10.40

ಮ್ಯಾನೇಜರ್ ರೂಮಿನ ಹೊರಗಿನ ಕುರ್ಚಿ. ಅತ್ತಿಗೆ ಒಳಗಿದ್ದಾರೆ. ಗಾಜಿನಲ್ಲಿ ಬೆನ್ನು ಕಾಣುತ್ತದೆ, ನೆಟ್ಟಗೆ ಕೂತಿದ್ದಾರೆ. ಹಾಳೆ ಈ ಡೈರಿಯೊಳಗಿದೆ.

ಆಫೀಸಿಗೆ ಬಂದವಳೇ ಮ್ಯಾನೇಜರಿಗೆ ಮೇಲ್ ಬರೆಯಲು ಕೂತೆ. ಮೂರು ಸಲ ಅಳಿಸಿದೆ. ಪ್ರತಿ ಸಲವೂ "ನಮ್ಮ ಟೀಮಿನಿಂದ ತಪ್ಪಾಗಿದೆ" ಅಂತಲೇ ಬರುತ್ತಿತ್ತು. ಕಳ್ಳ ಕೈ. ಬಾಯಲ್ಲೇ ಹೇಳಬೇಕು.

10.52

ಅತ್ತಿಗೆ ಎದ್ದರು. ಕೊರಳಿನ ಐಡಿ ಕಾರ್ಡ್ ತೆಗೆದು ಮೇಜಿನ ಮೇಲೆ ಇಡುತ್ತಿದ್ದಾರೆ. ಹೀಗೇ ಬರೆಯುತ್ತಾ ಕೂತರೆ ಅದೂ ಮುಗಿಯುತ್ತದೆ. ಒಳಗೆ ಹೋದ ಕೂಡಲೇ ಹೇಳಬೇಕಾದ್ದು — ಸರ್, ಅತ್ತಿಗೆ ಮಾರ್ಚ್ ಮೂರಕ್ಕೇ ಹೇಳಿದ್ರು, ಎಂಟ್ರಿ ಬೇಡ ಅಂದಿದ್ದು ನಾ