ಮಲ್ಲಕ್ಕನ ಗಲ್ಲಿ

ವಿಕ್ರೋಳಿ, ಮುಂಬೈ
೨೧ ಜನವರಿ ೨೦೨೫

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಮಹಾದೇವಿಯ ಬಾಣಂತನಕ್ಕೆಂದು ಹೋದವಳು ಕೂಸನ್ನು ದಿನವಿಡೀ ಕಾಲ ಮೇಲೆ ಹಾಕಿಕೊಂಡು ಕೂತಿರಬೇಡ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ‘ಸುಮ್ನಿರೋ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಓದಿ ಹೇಳಲಿ, ನೀನು ಪೂರಾ ಕೇಳು.

ನಮ್ಮ ಗಲ್ಲಿಗೆ ಹೆಸರಿನ ಬೋರ್ಡು ಹಾಕಲು ಮುನ್ಸಿಪಾಲ್ಟಿಯ ಸಾಹೇಬರು ಮೊನ್ನೆ ಬಂದಿದ್ದರು. ವಡಾಳಾಕ್ಕೆ ಆಲದ ಮರದಿಂದ, ಚಿಂಚಪೋಕ್ಲಿಗೆ ಹುಣಸೆಯಿಂದ ಹೆಸರು ಬಂತಂತೆ; ನಿನ್ನ ಮೊಮ್ಮಗಳು ಲಾವಣ್ಯಾಳಿಗೆ ಶಾಲೆಯಲ್ಲಿ ಹೇಳಿದ್ದಾರೆ. ನಮ್ಮ ಗುಡ್ಡದ ಮೇಲೆ ಮರವೆಲ್ಲಿದೆ? ಒಬ್ಬ ಪುಢಾರಿ ತನ್ನ ತೀರಿಹೋದ ಅಪ್ಪನ ಹೆಸರನ್ನು ಬರೆದುಕೊಂಡೇ ಬಂದಿದ್ದ. ಆ ಹಿರಿಯರು ಈ ಗುಡ್ಡ ಹತ್ತಿದ್ದನ್ನು ಯಾರೂ ಕಂಡಿಲ್ಲ. ಯಾರದಾದರೂ ತಕರಾರು ಇದೆಯೇ ಎಂದು ಸಾಹೇಬರು ಕೇಳಿದಾಗ ಪಕ್ಕದ ಮನೆಯ ಇಂದ್ರಾಬಾಯಿ ಎದ್ದು ನಿಂತಳು. ತನ್ನ ಸೊಲ್ಲಾಪುರದ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, “ಸಾಬ್, ಈ ಗಲ್ಲಿಗಿ ಹೆಸರು ಮೊದಲಽ ಐತ್ರಿ. ರಿಕ್ಷಾದವರನ್ನ ಕೇಳ್ರಿ, ಮಲ್ಲಕ್ಕನ ಗಲ್ಲಿ ಅಂತಾರ” ಎಂದಳು.

ಮಲ್ಲಕ್ಕ ಯಾರು ಎಂದರು. ಆಗ ಆಕೆ ಆ ಮಳೆಗಾಲದ ಮಧ್ಯಾಹ್ನದ ಕಥೆ ಹೇಳಿದಳು. ಗುಡ್ಡದ ಬುಡದಿಂದ ಕೆಂಪು ನೀರು ಬರುವುದನ್ನು ಕಂಡು ನೀನು ತಾಟು ಬಡಿಯುತ್ತಾ ಮನೆಮನೆಗೆ ಓಡಿದ್ದು, ಎಂಟು ದಿನದ ಬಾಣಂತಿಯಾಗಿದ್ದ ತನ್ನನ್ನು ಬೈದು, ರಟ್ಟೆ ಹಿಡಿದು ಎಳೆದದ್ದು, ಹನ್ನೊಂದು ಮನೆಯವರು ಕೆಳಗಿಳಿದ ಮೇಲೆ ಗುಡ್ಡ ಕುಸಿದದ್ದು, ಎಲ್ಲಾ. “ಒಂದು ಜೀವಾನೂ ಹೋಗ್ಲಿಲ್ರಿ. ಆಕಿ ಮಾತ್ರ ತನ್ನ ಮನ್ಯಾಗಿಂದ ಒಂದು ಚಮಚಾನೂ ತರಲಿಲ್ಲ” ಎನ್ನುವಾಗ ಅವಳ ದನಿ ಒಡೆಯಿತು. ಅಂದು ಕೂಸಾಗಿದ್ದ ಅವಳ ಮಗಳು ಈಗ ನರ್ಸ್; ಅವಳೇ ಮೊದಲು ಕೈ ಎತ್ತಿದಳು. ಹಿಂದೆಯೇ ಇಡೀ ಗಲ್ಲಿ. ಪುಢಾರಿ ಕಾಗದ ಮಡಿಚಿ ಜೇಬಿಗಿಟ್ಟ. ಅವ್ವಾ, ನಾನು ಎಲ್ಲರ ಹಿಂದೆ ನಿಂತಿದ್ದೆ, ಕಣ್ಣು ತುಂಬಿ ಏನೂ ಕಾಣಿಸಲಿಲ್ಲ. ಕೆಲಸದಲ್ಲಿ ಯಾರಾದರೂ ಎಲ್ಲಿರುವುದು ಎಂದು ಕೇಳಿದರೆ ಇಷ್ಟು ವರ್ಷ ಬರೀ ವಿಕ್ರೋಳಿ ಎನ್ನುತ್ತಿದ್ದೆ. ಗುಡ್ಡದ ಗಲ್ಲಿ ಎನ್ನಲು ನಾಚಿಕೆ. ನಿನ್ನೆ ಮಾತ್ರ ಯಾರೂ ಕೇಳದಿದ್ದರೂ ನಾಲ್ಕು ಜನರಿಗೆ ಹೇಳಿ ಬಂದೆ.

ಕೂಸಿಗೆ ಒಂದು ಮುತ್ತು. ಮಹಾದೇವಿಯನ್ನೂ ನಿನ್ನ ಅಳಿಯಂದಿರನ್ನೂ ಕೇಳಿದೆನೆಂದು ಹೇಳು. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ಮಗ,
ಶರಣು

ತಾ.ಕ.: ಮುಖ್ಯ ಮಾತೇ ಬಿಟ್ಟುಹೋಯಿತು. ಬದುಕಿರುವವರ ಹೆಸರು ಇಡಲು ಬರುವುದಿಲ್ಲವಂತೆ, ಬೇರೆ ಹೆಸರು ಕೊಡಿ ಎಂದು ಸಾಹೇಬರು ಹೊರಡುವಾಗ ಹೇಳಿದರು. ಇಂದ್ರಾಬಾಯಿ ಎಲ್ಲರ ಮುಖ ನೋಡಿ, “ಬೋರ್ಡು ಖಾಲಿನೇ ಇರ್ಲಿ ಸಾಬ್, ನಮಗೇನೂ ಗಡಿಬಿಡಿ ಇಲ್ಲ. ಆಕಿ ನೂರು ವರ್ಷ ಬದುಕ್ಲಿ” ಎಂದಳು. ಇವತ್ತು ಬೆಳಿಗ್ಗೆ ಪೇಂಟರ್ ಬಿಳಿ ಬಣ್ಣ ಬಳಿದು, ಹಾಗೇ ಬಿಟ್ಟು ಹೋಗಿದ್ದಾನೆ.