ತಪ್ಪುಕಾಣಿಕೆ

ಕವಲಂದೆ
14-3-1998

ಭಾವನವರಿಗೆ ಇಂದ್ರಾಣಿ ಮಾಡುವ ನಮಸ್ಕಾರ.

ನಿಮ್ಮೆದುರು ನಿಂತು ಮಾತಾಡೋ ರೂಢಿ ನಮ್ಮನೇಲಿಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಮಗಳು ರಂಜಿತ ಬಾವಿಗೆ ಬಿದ್ದಳು ಅಂತ ನಾನು ಮಕ್ಕಳಿಲ್ಲದ ಹೊಟ್ಟೆಕಿಚ್ಚಿಗೆ ಸುಳ್ಳು ಕೂಗಿದೆ ಅಂತೀರಂತೆ. ಸುಳ್ಳು ಕೂಗಿದ್ದು ನಿಜ. ಆದರೆ ಮೊದಲು "ಅತ್ತೆ ಬಾವಿಗೆ ಬಿದ್ರು, ಬನ್ರಪ್ಪೋ" ಅಂತ ನಿಜಾನೇ ಕೂಗಿದ್ದೆ. ಜಗಲಿ ಮೇಲೆ ಇಸ್ಪೀಟಾಡ್ತಿದ್ದ ನೀವು "ಯಾರಾರ ಅಗ್ಗ ತನ್ರುಲಾ" ಅಂದ್ರೇ ಹೊರತು ಕೈಲಿದ್ದ ಎಲೆ ಕೆಳಗಿಡಲಿಲ್ಲ. "ಅಯ್ಯೋ, ರಂಜಿತ ಬಿದ್ಲು" ಅಂದಾಗ ಉಟ್ಟ ಪಂಚೇಲೇ ಧುಮುಕಿದ್ರಿ, ನಿಮ್ಮ ಹಿಂದೆ ಇನ್ನೂ ಮೂವರು. ಹಂಗಾಗಿ ಅತ್ತೆ ಉಳಿದ್ರು.

ಎಳೇ ಜೀವ ಅಂದ್ರೆ ಯಾರ ಕರುಳಾದ್ರೂ ಕಿತ್ತು ಬರ್ತದೆ, ಅಷ್ಟೇ ಇದ್ದೀತು ಅಂತ ನಂಬೋಕೆ ನೋಡ್ತಿದ್ದೀನಿ. ನಂಬಿಕೆ ಬರ್ತಿಲ್ಲ.

ನಂಜುಂಡೇಶ್ವರನಿಗೆ ತಪ್ಪುಕಾಣಿಕೆ ಹಾಕು ಅಂದ್ರಿ. ಆಗಲಿ, ಅರಿಶಿನದ ಬಟ್ಟೇಲಿ ಕಟ್ಟಿ ಕಳಿಸಿದ್ದೀನಿ. ಸೋಮವಾರ ನಂಜನಗೂಡಿಗೆ ಹೋದಾಗ ದಯವಿಟ್ಟು ನೀವೇ ಹುಂಡಿಗೆ ಹಾಕಿ.

ಗಂಟು ಎರಡಿವೆ. ಚಿಕ್ಕದು ನನ್ನದು. ದೊಡ್ಡದನ್ನ ನಿಮ್ಮವ್ವ ನಿಮ್ಮ ಹೆಸರಲ್ಲಿ ಕಟ್ಟವ್ರೆ. ಬಾವಿಯೊಳಗೆ ಕಲ್ಲು ಹಿಡ್ಕೊಂಡಿದ್ದ ಅವರಿಗೆ ನನ್ನ ಎರಡು ಕೂಗೂ ಕೇಳಿಸಿದ್ವಂತೆ.

ಇಂತಿ,
ಇಂದ್ರಾಣಿ